ಎರಡನೇ ಬಾಣ ತಪ್ಪಿಸಬಹುದು!

ದಾಂಡೇಲಿಗೆ ಯಾಕೆ ಹೋಗುತ್ತೀರಿ? ಕಾಳಿ ನದಿಯ ರಾಫ್ಟಿಂಗ್‌ಗೆ! ಜೋಯಿಡಾಕ್ಕೆ? ಕಾಡಿಗೆ, ಕುಣಬಿಯರ ಗಡ್ಡೆ-ಗೆಣಸಿನ ರುಚಿಗೆ! ಹಳಿಯಾಳದಲ್ಲಿ ಕಬ್ಬಿನ ಗದ್ದೆ ನೋಡುತ್ತೀರಿ. ಮತ್ತೆ ಮುಂಡಗೋಡಕ್ಕೆ? ಅಲ್ಲಿ ಸ್ವಲ್ಪ ನಿಲ್ಲಿ. ನಿಮಗೊಂದು ಪ್ರಶ್ನೆ ಇದೆ.

2013ರ ಜನವರಿ. ಮಿದುಳು ವಿಜ್ಞಾನದ ಘಟಾನುಘಟಿಗಳು ಆರು ದಿನ ಒಂದೆಡೆ ಕೂತಿದ್ದರು. ರಿಚರ್ಡ್ ಡೇವಿಡ್‌ಸನ್! ಟಾನಿಯಾ ಸಿಂಗರ್! ಕ್ರಿಸ್ಟಫ್ ಕಾಖ್! ಎಲ್ಲಿ, ಹೇಳಿ ನೋಡೋಣ? ಬೋಸ್ಟನ್? ಜಿನೀವಾ? ಹೋಗಲಿ, ಬೆಂಗಳೂರು?

ಅಲ್ಲವೇ ಅಲ್ಲ! ನಮ್ಮ ಉತ್ತರ ಕನ್ನಡದ ಮುಂಡಗೋಡ! ಗೋವಿನಜೋಳದ ಹೊಲಗಳ ನಡುವಿನ ಟಿಬೆಟನ್ ಬೌದ್ಧರ ಡ್ರೆಪುಂಗ್ ಮಠ! ಎದುರಿಗೆ ದಲೈ ಲಾಮಾ. ಸುತ್ತ ಸಾವಿರಾರು ಭಿಕ್ಷುಗಳು, ಕೆಂಪು ಬಟ್ಟೆಯ ಸಮುದ್ರ! ಅದು ವಿಜ್ಞಾನಿಗಳನ್ನೂ ಬೌದ್ಧರನ್ನೂ ಮಾತಿಗೆ ಕೂಡಿಸುವ ಮೈಂಡ್ ಅಂಡ್ ಲೈಫ್ ಸಂಸ್ಥೆಯ 26ನೇ ಸಂವಾದ.

ಅಷ್ಟು ದೂರದಿಂದ ಯಾಕೆ ಬಂದರು? ಉತ್ತರದ ಒಂದು ತುಣುಕು ನಿಮ್ಮ ಟೊಂಕದ ನೋವಲ್ಲೂ ಇದೆ, ನಿಮ್ಮ ಅವ್ವನ ಮೊಣಕಾಲಿನ ನೋವಲ್ಲೂ ಇದೆ!

ಬುದ್ಧ ಹೇಳಿದ ಒಂದು ಹೋಲಿಕೆ ಕೇಳಿ. ಪಾಲಿಯ ಸಲ್ಲತ್ಥ ಸುತ್ತದಲ್ಲಿದೆ. ಒಬ್ಬನಿಗೆ ಬಾಣ ತಾಗಿತು. ನೋವಾಯಿತು. ಆ ನೋವಿಗೆ ಅವನು ಅಳುತ್ತಾನೆ, ಕೊರಗುತ್ತಾನೆ, ಎದೆ ಬಡಿದುಕೊಳ್ಳುತ್ತಾನೆ. ಅದು ಎರಡನೇ ಬಾಣ! ತಿಳಿದವನಿಗೂ ಮೊದಲನೆಯದು ತಾಗುತ್ತದೆ. ಎರಡನೆಯದು ತಾಗುವುದಿಲ್ಲ!

ಚೆಂದದ ಕಥೆ ಅಂದಿರಾ? ತಡೆಯಿರಿ. ಪ್ರಯೋಗಾಲಯಕ್ಕೆ ಹೋಗೋಣ.

ಅಮೆರಿಕದ ವಿಸ್ಕಾನ್ಸಿನ್. ಟಿಬೆಟನ್ ಪದ್ಧತಿಯಲ್ಲಿ ಪಳಗಿದ ಧ್ಯಾನಿಗಳು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿದ್ದಾರೆ. ಒಬ್ಬೊಬ್ಬರ ಸಾಧನೆ ಎಷ್ಟು ಗಂಟೆ? ನೂರು? ಸಾವಿರ? ಹತ್ತು ಸಾವಿರಕ್ಕೂ ಹೆಚ್ಚು! ಚರ್ಮಕ್ಕೆ ಬಿಸಿ ಮುಟ್ಟಿಸಿದರು. ಹೊಸಬರಿಗೂ ಅದೇ ಬಿಸಿ. ಉರಿ ಎಷ್ಟು ಜೋರು ಎಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ! ಎಷ್ಟು ಸಂಕಟವಾಯಿತು ಎಂದು ಕೇಳಿದಾಗ ಮಾತ್ರ ಧ್ಯಾನಿಗಳ ಅಂಕ ಕೆಳಗೆ! ಉರಿ ಅಷ್ಟೇ. ಸಂಕಟ ಕಡಿಮೆ!

ಇನ್ನೂ ಬೆರಗಿನ ಸಂಗತಿ ಇದೆ. ಬಿಸಿ ಮುಟ್ಟುವ ಮೊದಲೇ ಹೊಸಬರ ಮಿದುಳು ಗಾಬರಿಬಿದ್ದಿತ್ತು. ಧ್ಯಾನಿಗಳ ಮಿದುಳಿನಲ್ಲಿ ಆ ಮುಂಗಡ ಗಾಬರಿ ಕಡಿಮೆ! ಡೇವಿಡ್‌ಸನ್ ಕೂಡ ಇದ್ದ ತಂಡದ ಈ ಅಧ್ಯಯನ ಪ್ರಕಟವಾದದ್ದು ಯಾವಾಗ? ಅದೇ 2013!

ಹತ್ತು ಸಾವಿರ ಗಂಟೆ ನಮ್ಮಂಥವರಿಗೆ ಎಲ್ಲಿಂದ ಬರಬೇಕು ಅನ್ನುತ್ತೀರಾ? ಹಾಗಾದರೆ ಇದನ್ನು ಊಹಿಸಿ. ಎಂದೂ ಧ್ಯಾನ ಮಾಡದ 15 ಜನ. ನರವಿಜ್ಞಾನಿ ಫಾಡೆಲ್ ಝೈದಾನ್ ತಂಡ ಅವರಿಗೆ ಉಸಿರಿನ ಮೇಲೆ ಗಮನ ಇಡಲು ಕಲಿಸಿತು. ಎಷ್ಟು ದಿನ? ವರ್ಷ? ತಿಂಗಳು?

ನಾಲ್ಕು ದಿನ! ದಿನಕ್ಕೆ 20 ನಿಮಿಷ! ಒಟ್ಟು 80 ನಿಮಿಷ! ಆಮೇಲೆ ಕಾಲಿಗೆ 49 ಡಿಗ್ರಿ ಬಿಸಿ. ಧ್ಯಾನದಲ್ಲಿ ಕೂತಾಗ ನೋವಿನ ತೀವ್ರತೆ ಇಳಿದದ್ದು ಶೇ. 40. ಸಂಕಟ ಇಳಿದದ್ದು? ಶೇ. 57! ಇದು 2011ರ ಮಾತು.

ಮೈ ತಾನೇ ತಯಾರಿಸುವ ಅಫೀಮಿನಂಥ ರಸದಿಂದ ಹೀಗಾಯಿತೇ? 2016ರಲ್ಲಿ ಝೈದಾನ್ ತಂಡದವರು ಅದನ್ನೂ ನೋಡಿದರು. ಆ ರಸದ ದಾರಿ ಮುಚ್ಚುವ ನೆಲೊಕ್ಸೋನ್ ಔಷಧಿ ಕೊಟ್ಟರು. ಆದರೂ ಧ್ಯಾನಿಗಳ ನೋವು ಇಳಿಯಿತು! ಆ ಪ್ರಯೋಗದ ಪ್ರಕಾರ ಧ್ಯಾನ ಬೇರೆಯೇ ದಾರಿ ಹಿಡಿದಂತಿದೆ!

ಪ್ರಯೋಗದ ಬಿಸಿಯ ನೋವು ಕ್ಷಣದ್ದು. ವರ್ಷಗಟ್ಟಲೆ ಬಿಡದೆ ಕಾಡುವ ಟೊಂಕನೋವಿಗೆ? ಅದಕ್ಕೂ ಲೆಕ್ಕ ಸಿಕ್ಕಿದೆ! ಅಮೆರಿಕದಲ್ಲಿ 342 ಜನ ಟೊಂಕನೋವಿನವರನ್ನು ಗುಂಪು ಮಾಡಿದರು. ಒಂದಕ್ಕೆ ಎಂಟು ವಾರ ಧ್ಯಾನದ ಪಾಠ. ಆರು ತಿಂಗಳಾದ ಮೇಲೆ ನೋಡಿದರೆ, ಎಂದಿನ ಚಿಕಿತ್ಸೆಯಲ್ಲಿದ್ದವರ ಪೈಕಿ ದಿನದ ಕೆಲಸ ಸುಲಭವಾದದ್ದು ಶೇ. 44 ಮಂದಿಗೆ. ಧ್ಯಾನ ಕಲಿತವರಲ್ಲಿ? ಸುಮಾರು ಶೇ. 61!

ಈಗ ಮರಳಿ ಮುಂಡಗೋಡಕ್ಕೆ ಬನ್ನಿ. ಡ್ರೆಪುಂಗ್ ಮಠ ಲಾಸಾದ ಬಳಿ ಹುಟ್ಟಿದ್ದು 1416ರಲ್ಲಿ. ಟಿಬೆಟ್ ಬಿಟ್ಟು ಬಂದವರ ನೆಲೆ ಮುಂಡಗೋಡದಲ್ಲಿ ಶುರುವಾದದ್ದು 1966ರಲ್ಲಿ. ಮುಂದೆ ಮಠವೂ ಅಲ್ಲೇ ಮತ್ತೆ ಎದ್ದಿತು. ಇಂದು ಅದೇ ಮಠದ ಭಿಕ್ಷುಗಳು ಏನು ಓದುತ್ತಿದ್ದಾರೆ ಗೊತ್ತೇ? ನರವಿಜ್ಞಾನ! ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಆರು ವರ್ಷದ ಪಾಠಕ್ರಮ ಕಟ್ಟಿಕೊಟ್ಟಿದೆ. ಅದಕ್ಕಾಗಿ ಟಿಬೆಟನ್ ಭಾಷೆಯಲ್ಲಿ ಹೊಸ ಪದಗಳೇ ಹುಟ್ಟಿದವು! 2017ರಲ್ಲಿ ಈ ಮಠದ ಅಂಗವಾದ ಡ್ರೆಪುಂಗ್ ಲೋಸೆಲಿಂಗ್‌ನಲ್ಲಿ ಧ್ಯಾನ ಮತ್ತು ವಿಜ್ಞಾನ ಕೇಂದ್ರವನ್ನೇ ದಲೈ ಲಾಮಾ ಉದ್ಘಾಟಿಸಿದರು. ಧ್ಯಾನವೂ ವಿಜ್ಞಾನವೂ ಒಂದೇ ಸೂರಿನಡಿ!

ಇಂದು ರಾತ್ರಿಯೇ ನೋಡಿ. ಇಪ್ಪತ್ತೇ ನಿಮಿಷ! ಕುರ್ಚಿಯಾದರೂ ಸರಿ, ಚಾಪೆಯಾದರೂ ಸರಿ. ಉಸಿರು ಬರುವುದು, ಹೋಗುವುದು ಗಮನಿಸಿ. ಟೊಂಕ ಕೂಗುತ್ತದೆ, ಕೂಗಲಿ! ಓಡಿಸಬೇಡಿ, ನೋಡಿ. ಎಲ್ಲಿದೆ? ಎಷ್ಟಗಲ? ಚುಚ್ಚುತ್ತಿದೆಯೋ, ಸೆಳೆಯುತ್ತಿದೆಯೋ? ಅರೆ, ಜಾಗ ಬದಲಿಸಿತೇ!

ಆಗ ಒಳಗಿನಿಂದ ಒಂದು ದನಿ ಏಳುತ್ತದೆ. ‘ಅಯ್ಯೋ, ನಾಳೆ ಗದ್ದಿ ಕೆಲಸಕ್ಕ ಹೆಂಗ ಹೋಗಲಿ?’ ಹಿಡಿದಿರಾ? ಅದೇ ಎರಡನೇ ಬಾಣ! ಅದರ ಜೊತೆ ಜಗಳ ಬೇಡ. ಬಂತು ಅಂತ ಗುರುತಿಸಿ, ಮತ್ತೆ ಉಸಿರಿಗೆ ಬನ್ನಿ. ನೂರು ಸಲ ಬಂದರೆ ನೂರು ಸಲವೂ ಅಷ್ಟೇ!

ಮಾತ್ರೆ ನಿಲ್ಲಿಸಬೇಡಿ. ವೈದ್ಯರನ್ನು ಬಿಡಬೇಡಿ. ಮೊದಲ ಬಾಣ ಕೀಳುವುದು ಅವರ ಕೆಲಸ, ಅದು ಬೇಕೇ ಬೇಕು!

ಎರಡನೆಯದು ಹಾರಿ ಬರುವುದನ್ನು ಮಾತ್ರ ನೀವೇ ನೋಡಬಲ್ಲಿರಿ. ಎಷ್ಟು ಹೊತ್ತಿನಲ್ಲಿ ಕಣ್ಣಿಗೆ ಬಿದ್ದೀತು? ಕೂತು ನೋಡಿ, ನೀವೇ ಹೇಳಿ!