ವೀಕೆಂಡ್‌ಗೆ ಥೀಮ್ ಪಾರ್ಕ್ ರೆಸಾರ್ಟ್‌ಗೆ ಹೊರಟಿದ್ದೀರಾ? ಇಬ್ಬರೂ ಕೂತು ಬುಕ್ ಮಾಡುವ ಮುನ್ನ ಇದನ್ನು ಓದಿ

ವಾರಪೂರ್ತಿ ಒಬ್ಬರಿಗೆ ಬೆಳಗಿನ ಶಿಫ್ಟ್, ಇನ್ನೊಬ್ಬರಿಗೆ ರಾತ್ರಿ ಕಾಲ್. ಒಂದೇ ಮನೆಯಲ್ಲಿದ್ದರೂ ನೆಟ್ಟಗೆ ಮಾತನಾಡಲು ಸಿಗುವುದು ಶನಿವಾರ, ಭಾನುವಾರ ಮಾತ್ರ. ಆ ಎರಡು ದಿನ ಊರಿಗೆ ಹೋಗಿ ಬರೋಣವೆಂದರೆ ಪುಣೆಯಿಂದ ಹುಬ್ಬಳ್ಳಿಗೂ, ಮುಂಬೈಯಿಂದ ಉಡುಪಿಗೂ ಪ್ರಯಾಣದಲ್ಲೇ ರಜೆ ಮುಗಿಯುತ್ತದೆ. ಹಾಗಾಗಿಯೇ ಮಹಾನಗರಗಳಲ್ಲಿರುವ ಅನೇಕ ಜೋಡಿಗಳ ಕಣ್ಣು ಈಗ ಊರಂಚಿನ ಥೀಮ್ ಪಾರ್ಕ್‌ಗಳ ಮೇಲೆ, ಅದರಲ್ಲೂ ಪಾರ್ಕ್‌ಗೆ ಅಂಟಿಕೊಂಡೇ ಇರುವ ರೆಸಾರ್ಟ್ ಹೋಟೆಲ್‌ಗಳ ಮೇಲೆ ಬಿದ್ದಿದೆ.

ಆದರೆ 'ಇಬ್ಬರಿಗೆ ಒಂದು ರಾತ್ರಿ, ಪಾರ್ಕ್ ಟಿಕೆಟ್ ಸೇರಿ' ಎಂಬ ಜಾಹೀರಾತಿನ ಬೆಲೆಗೂ ಕೊನೆಗೆ ಕೈಗೆ ಬರುವ ಬಿಲ್‌ಗೂ ವ್ಯತ್ಯಾಸವಿರುತ್ತದೆ. ಎರಡು ದಿನ ಎಂದುಕೊಂಡದ್ದು ಲೆಕ್ಕ ಹಾಕಿದರೆ ಐದಾರು ಗಂಟೆಯ ಪಾರ್ಕ್ ಸಮಯಕ್ಕೆ ಇಳಿದಿರುತ್ತದೆ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ? ತೆರಿಗೆ ಎಷ್ಟು? ಮದುವೆಯಾಗದ ಜೋಡಿಗೆ ಕೊಠಡಿ ಕೊಡುತ್ತಾರಾ? ಸುರಕ್ಷತೆಯ ಕಥೆಯೇನು? ಒಂದೊಂದಾಗಿ ನೋಡೋಣ.

ಪಾರ್ಕ್‌ನವರು ಹೋಟೆಲ್ ಕಟ್ಟುವುದೇಕೆ?

ಇದರ ಮೂಲ ಅಮೆರಿಕದಲ್ಲಿದೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಆರಂಭವಾದಾಗ ವಾಲ್ಟ್ ಡಿಸ್ನಿ ಬಳಿ ಹೋಟೆಲ್ ಕಟ್ಟುವಷ್ಟು ಹಣ ಉಳಿದಿರಲಿಲ್ಲ. ಟಿವಿ ನಿರ್ಮಾಪಕ ಜಾಕ್ ರ್‍ಯಾದರ್ ಅದೇ ವರ್ಷ ಪಕ್ಕದಲ್ಲೇ ಡಿಸ್ನಿಲ್ಯಾಂಡ್ ಹೋಟೆಲ್ ತೆರೆದರು. ಜನ ಬರುತ್ತಿದ್ದುದು ಪಾರ್ಕ್ ನೋಡಲು, ಆದರೆ ರಾತ್ರಿಯ ಬಾಡಿಗೆ ಹೋಗುತ್ತಿದ್ದುದು ಸುತ್ತಲಿನ ಹೋಟೆಲ್, ಮೋಟೆಲ್‌ನವರ ಜೇಬಿಗೆ. ಆ ಹೋಟೆಲ್ ಡಿಸ್ನಿ ಕಂಪನಿಯ ಕೈಗೆ ಬಂದಿದ್ದು 1988ರಲ್ಲಿ. ಆದರೆ ಪಾಠವನ್ನು ಕಂಪನಿ ಮೊದಲೇ ಕಲಿತಿತ್ತು. ಫ್ಲೋರಿಡಾದಲ್ಲಿ ಸುಮಾರು 27 ಸಾವಿರ ಎಕರೆ ಭೂಮಿ ಖರೀದಿಸಿ, 1971ರಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆಯುವಾಗ ತನ್ನದೇ ರೆಸಾರ್ಟ್‌ಗಳನ್ನೂ ಜೊತೆಗೇ ಆರಂಭಿಸಿತು.

ಲೆಕ್ಕ ಸರಳ. ಬೆಳಗ್ಗೆ ಬಂದು ಸಂಜೆ ಹೋಗುವವರು ಟಿಕೆಟ್, ಒಂದು ಊಟ, ಒಂದು ಟೀಗೆ ಖರ್ಚು ಮಾಡುತ್ತಾರೆ. ರಾತ್ರಿ ಉಳಿಯುವವರು ಕೊಠಡಿ, ರಾತ್ರಿಯೂಟ, ಮರುದಿನದ ತಿಂಡಿ, ಸ್ಪಾ ಎಂದು ಇನ್ನಷ್ಟು ಖರ್ಚು ಮಾಡುತ್ತಾರೆ. ಪಾರ್ಕ್‌ಗಳು ಊರಿಂದ ದೂರವಿರುವುದೂ ಇದಕ್ಕೆ ನೆರವಾಗುತ್ತದೆ. ಹೊರಗೆ ಹೋಗಿ ಊಟ ಮಾಡೋಣವೆಂದರೆ ಹತ್ತಿರದಲ್ಲಿ ಹೆಚ್ಚು ಆಯ್ಕೆಗಳಿರುವುದಿಲ್ಲ.

ನಮ್ಮ ದೇಶದಲ್ಲಿ ಎಲ್ಲೆಲ್ಲಿವೆ?

ಬೆಂಗಳೂರು: ಮೈಸೂರು ರಸ್ತೆಯ ಬಿಡದಿ ಬಳಿ, ನಗರದಿಂದ ಸುಮಾರು 28 ಕಿ.ಮೀ. ದೂರದಲ್ಲಿ ವಂಡರ್‌ಲಾ ಇದೆ. ಪಾರ್ಕ್ ಆರಂಭವಾಗಿದ್ದು 2005ರಲ್ಲಿ. 2012ರಲ್ಲಿ ಅಲ್ಲೇ 84 ಕೊಠಡಿಗಳ ರೆಸಾರ್ಟ್ ಬಂತು. ಊರಿನ ನೆಪದಲ್ಲಿ ಬಂದವರಿಗೆ ಬಿಡದಿಯ ತಟ್ಟೆ ಇಡ್ಲಿ, ರಾಮನಗರದ ಜಾನಪದ ಲೋಕ, ಚನ್ನಪಟ್ಟಣದ ಗೊಂಬೆ ಎಲ್ಲವೂ ಅದೇ ರಸ್ತೆಯಲ್ಲಿ ಸಿಗುತ್ತವೆ.

ಮುಂಬೈ-ಪುಣೆ: ಎರಡೂ ನಗರಗಳ ನಡುವೆ, ಖೋಪೋಲಿ ಬಳಿ ಇಮ್ಯಾಜಿಕಾ ಇದೆ. 2013ರಲ್ಲಿ ಆ್ಯಡ್‌ಲ್ಯಾಬ್ಸ್ ಇಮ್ಯಾಜಿಕಾ ಎಂಬ ಹೆಸರಲ್ಲಿ ಇದನ್ನು ಆರಂಭಿಸಿದವರು ನಮ್ಮ ಕರಾವಳಿ ಮೂಲದ ಮನಮೋಹನ್ ಶೆಟ್ಟಿ. ಮರುವರ್ಷ ವಾಟರ್ ಪಾರ್ಕ್, 2015ರಲ್ಲಿ ನೊವೊಟೆಲ್ ಹೋಟೆಲ್ ಸೇರಿಕೊಂಡವು. ಆಮೇಲೆ ಸಾಲದ ಹೊರೆ ಹೆಚ್ಚಿ 2022ರಲ್ಲಿ ಕಂಪನಿ ಮಾಲ್ಪಾಣಿ ಸಮೂಹದ ಪಾಲಾಯಿತು. ಹತ್ತಿರದ ಮಹಾಡ್‌ನಲ್ಲಿ ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ವರದವಿನಾಯಕ ದೇಗುಲವಿದೆ, ಘಾಟಿ ಹತ್ತಿದರೆ ಲೋನಾವಳ.

ಹೈದರಾಬಾದ್: 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿಯ ಆವರಣದೊಳಗೇ ಸಿತಾರಾ, ತಾರಾ ಹೋಟೆಲ್‌ಗಳಿವೆ. ಇದು ರೈಡ್‌ಗಿಂತ ಸಿನಿಮಾ ಸೆಟ್, ಶೋಗಳನ್ನು ನೋಡುವ ಜಾಗ. ಎತ್ತರದ ರೈಡ್ ಎಂದರೆ ಹೆದರುವವರಿಗೆ ಹೆಚ್ಚು ಸೂಕ್ತ. ನಗರದ ಇನ್ನೊಂದು ದಿಕ್ಕಿಗೆ, ಹೊರವರ್ತುಲ ರಸ್ತೆಯ ರಾವಿರ್ಯಾಲ ಬಳಿ ವಂಡರ್‌ಲಾ ಪಾರ್ಕ್ ಇದೆ.

ಚೆನ್ನೈ: ಈಸ್ಟ್ ಕೋಸ್ಟ್ ರಸ್ತೆಯ ಎಂಜಿಎಂ ಡಿಜ್ಜಿ ವರ್ಲ್ಡ್ ಹಳೆಯ ಹೆಸರು. ಸಮುದ್ರ ತೀರದ ರೆಸಾರ್ಟ್‌ಗಳು ಅದೇ ರಸ್ತೆಯಲ್ಲಿವೆ. ಇನ್ನಷ್ಟು ಮುಂದೆ ಹೋದರೆ ಮಾಮಲ್ಲಪುರಂ.

ಎರಡು ದಿನ, ಆದರೆ ಯಾವ ದಿನ ಪಾರ್ಕ್?

ಹೆಚ್ಚಿನವರು ಎಡವುವುದು ಇಲ್ಲೇ. ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಚೆಕ್-ಇನ್ ಮಧ್ಯಾಹ್ನ 2 ಗಂಟೆಯ ಸುಮಾರಿಗೆ, ಚೆಕ್-ಔಟ್ ಮರುದಿನ 11ರ ಸುಮಾರಿಗೆ. ಪಾರ್ಕ್‌ಗಳು ಸಾಮಾನ್ಯವಾಗಿ ತೆರೆಯುವುದು ಬೆಳಗ್ಗೆ 10-11ಕ್ಕೆ, ರೈಡ್‌ಗಳು ನಿಲ್ಲುವುದು ಸಂಜೆ 6-7ಕ್ಕೆ. ಈಗ ಎರಡನ್ನೂ ಕೂಡಿಸಿ ನೋಡಿ.

ಶನಿವಾರ 2 ಗಂಟೆಗೆ ಬಂದು, ಕೊಠಡಿ ಸಿಕ್ಕ ಮೇಲೆ ಪಾರ್ಕ್‌ಗೆ ಹೋದರೆ ಅಂದಿನ ಟಿಕೆಟ್‌ನಲ್ಲಿ ಸಿಗುವುದು ಮೂರು-ನಾಲ್ಕು ಗಂಟೆ. ಭಾನುವಾರಕ್ಕೆ ಇಟ್ಟುಕೊಂಡರೆ ಪಾರ್ಕ್ ತೆರೆಯುವ ಹೊತ್ತಿಗೇ ಕೊಠಡಿ ಖಾಲಿ ಮಾಡಬೇಕು. ಸಂಜೆ ಒದ್ದೆ ಬಟ್ಟೆಯಲ್ಲಿ ಹೊರಬಂದಾಗ ಸ್ನಾನಕ್ಕೆ ಕೊಠಡಿ ಇರುವುದಿಲ್ಲ.

ಇದಕ್ಕೆ ಸುಲಭದ ಉಪಾಯವಿದೆ. ಮೊದಲ ದಿನ ಬೆಳಗ್ಗೆಯೇ ತಲುಪಿ, ಬ್ಯಾಗ್‌ಗಳನ್ನು ಹೋಟೆಲ್ ರಿಸೆಪ್ಷನ್‌ನಲ್ಲಿ ಇಟ್ಟು ನೇರ ಪಾರ್ಕ್‌ಗೆ ಹೋಗಿ. ಸಂಜೆ ಸುಸ್ತಾಗಿ ಬಂದಾಗ ಬಿಸಿನೀರು, ಹಾಸಿಗೆ ಸಿದ್ಧವಿರುತ್ತವೆ. ಮರುದಿನ ಅಲಾರಂ ಇಲ್ಲದೆ ಎದ್ದು, ನಿಧಾನಕ್ಕೆ ತಿಂಡಿ ತಿಂದು ಹೊರಡಬಹುದು. ಇಬ್ಬರಿಗೆ ನಿಜವಾಗಿ ಮಾತಿಗೆ ಸಿಗುವ ಸಮಯ ಆ ಬೆಳಗ್ಗೆಯೇ.

ಶನಿವಾರ-ಭಾನುವಾರದ ಬದಲು ಭಾನುವಾರ-ಸೋಮವಾರ ಉಳಿಯಲು ಸಾಧ್ಯವೇ ಎಂದೂ ನೋಡಿ. ಕೊಠಡಿ ದರ ಬೇಡಿಕೆಗೆ ತಕ್ಕಂತೆ ಏರಿಳಿಯುವುದರಿಂದ ಭಾನುವಾರ ರಾತ್ರಿ ಅಗ್ಗವಾಗಿರುವುದೇ ಹೆಚ್ಚು. ಸೋಮವಾರ ಒಂದು ರಜೆ ಹಾಕಿದರೆ ಪಾರ್ಕ್‌ನ ಸರದಿಯೂ ಚಿಕ್ಕದಾಗುತ್ತದೆ.

ಸರದಿ ಸಾಲಿನ ಲೆಕ್ಕ

ಒಂದು ರೋಲರ್ ಕೋಸ್ಟರ್‌ನಲ್ಲಿ 24 ಸೀಟು, ಮೂರು ನಿಮಿಷಕ್ಕೊಮ್ಮೆ ಹೊರಡುತ್ತದೆ ಎಂದುಕೊಳ್ಳಿ. ಗಂಟೆಗೆ 480 ಜನ. ನಿಮ್ಮ ಮುಂದೆ 240 ಜನರಿದ್ದರೆ ಅರ್ಧ ಗಂಟೆ ಕಾಯಬೇಕು. ಸಾಲು ಉದ್ದವಾದಂತೆ ರೈಡ್‌ನ ವೇಗ ಹೆಚ್ಚುವುದಿಲ್ಲ, ಕಾಯುವ ಸಮಯ ಮಾತ್ರ ಹೆಚ್ಚುತ್ತದೆ.

ಹಾಗಾಗಿ ಬೇಡಿಕೆಯ ರೈಡ್‌ಗಳನ್ನು ಪಾರ್ಕ್ ತೆರೆದ ಮೊದಲ ಒಂದೂವರೆ ಗಂಟೆಯಲ್ಲಿ ಮುಗಿಸಿ. ಪಕ್ಕದಲ್ಲೇ ಹೋಟೆಲ್ ಇರುವುದರ ದೊಡ್ಡ ಲಾಭ ಇದೇ. ಹೆಚ್ಚು ಹಣ ಕೊಟ್ಟರೆ ಬೇಗ ಬಿಡುವ ಫಾಸ್ಟ್‌ಟ್ರ್ಯಾಕ್ ಮಾದರಿಯ ಟಿಕೆಟ್‌ಗಳೂ ಇವೆ. ವಾರದ ದಿನ ಅದರ ಅಗತ್ಯ ಅಷ್ಟಾಗಿ ಇರುವುದಿಲ್ಲ. ದೀರ್ಘ ವೀಕೆಂಡ್, ಬೇಸಿಗೆ ರಜೆಯಲ್ಲಿ ಮಾತ್ರ ಯೋಚಿಸಬಹುದು.

ನೂರು ರೂಪಾಯಿ ವ್ಯತ್ಯಾಸ, ಸಾವಿರ ರೂಪಾಯಿ ತೆರಿಗೆ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯಂತೆ, ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ ಶೇ 5 ತೆರಿಗೆ. ಅದಕ್ಕಿಂತ ಹೆಚ್ಚಾದರೆ ಶೇ 18.

7,500 ರೂ. ಕೊಠಡಿಗೆ ತೆರಿಗೆ 375 ರೂ., ಒಟ್ಟು 7,875 ರೂ.

7,600 ರೂ. ಕೊಠಡಿಗೆ ತೆರಿಗೆ 1,368 ರೂ., ಒಟ್ಟು 8,968 ರೂ.

ಅಂದರೆ ಬಾಡಿಗೆಯಲ್ಲಿ 100 ರೂ. ಹೆಚ್ಚಾದರೆ ಬಿಲ್‌ನಲ್ಲಿ 1,093 ರೂ. ಹೆಚ್ಚು. ಗಡಿಯ ಆಸುಪಾಸಿನ ಕೊಠಡಿ ನೋಡುತ್ತಿದ್ದರೆ ಇದನ್ನು ಮರೆಯಬೇಡಿ.

ಪಾರ್ಕ್ ಪ್ರವೇಶಕ್ಕೆ ಶೇ 18 ಜಿಎಸ್‌ಟಿ. 2017ರಲ್ಲಿ ಇದು ಶೇ 28 ಇತ್ತು, 2018ರ ಜನವರಿಯಲ್ಲಿ ಇಳಿಯಿತು. ಊಟದ ಬಿಲ್‌ನಲ್ಲೂ ಒಂದು ಸೂಕ್ಷ್ಮವಿದೆ. ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಶೇ 5 ಇದ್ದರೆ, ಹಿಂದಿನ ಹಣಕಾಸು ವರ್ಷದಲ್ಲಿ 7,500 ರೂ. ಮೀರಿದ ದರಕ್ಕೆ ಕೊಠಡಿ ಕೊಟ್ಟಿರುವ ಹೋಟೆಲ್‌ನ ಆವರಣದ ರೆಸ್ಟೋರೆಂಟ್‌ನಲ್ಲಿ ಶೇ 18. ಆದ್ದರಿಂದ ಪ್ಯಾಕೇಜ್ ಕೊಳ್ಳುವಾಗ 'ತೆರಿಗೆ ಸೇರಿ ಎಷ್ಟು?', 'ಯಾವ ಊಟ ಸೇರಿದೆ?' ಎಂದು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಇ-ಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಪಡೆದಿಟ್ಟುಕೊಳ್ಳಿ.

ಬಿಲ್‌ಗೆ ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಅದನ್ನು ತೆಗೆಯುವಂತೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

'ಒಂದೇ ಕೊಠಡಿ ಉಳಿದಿದೆ' ಎಂಬ ಗಡಿಬಿಡಿ

ಬುಕಿಂಗ್ ಆ್ಯಪ್‌ನಲ್ಲಿ ಕೆಂಪು ಅಕ್ಷರದ ಎಚ್ಚರಿಕೆ ಕಂಡು ಆತುರಪಟ್ಟಿದ್ದೀರಾ? ಸುಳ್ಳು ಅವಸರ ಸೃಷ್ಟಿಸುವುದು, ಕೇಳದೆಯೇ ವಿಮೆ ಅಥವಾ ದೇಣಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಹೊಸ ಶುಲ್ಕ ತೋರಿಸುವುದು ಇವೆಲ್ಲ 'ಡಾರ್ಕ್ ಪ್ಯಾಟರ್ನ್' ಎಂದು 2023ರ ನವೆಂಬರ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಇಂಥ 13 ಬಗೆಗಳನ್ನು ಅದು ಪಟ್ಟಿ ಮಾಡಿದೆ. ಹಣ ಪಾವತಿಸುವ ಮುನ್ನ ಕೊನೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಎಂಬ ಸಾಲೂ ಅದರಲ್ಲಿರಲಿ.

ಮದುವೆಯಾಗದ ಜೋಡಿಗೆ ಕೊಠಡಿ?

ವಯಸ್ಕರಾದ, ಮದುವೆಯಾಗದ ಜೋಡಿ ಹೋಟೆಲ್‌ನಲ್ಲಿ ಒಂದೇ ಕೊಠಡಿಯಲ್ಲಿ ಉಳಿಯುವುದನ್ನು ನಿಷೇಧಿಸುವ ಕಾನೂನು ಇಲ್ಲ. ಕೊಯಮತ್ತೂರಿನ ವಸತಿಗೃಹವೊಂದಕ್ಕೆ ಬೀಗ ಹಾಕಿದ್ದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2019ರಲ್ಲಿ ಇದನ್ನೇ ಸ್ಪಷ್ಟಪಡಿಸಿತ್ತು.

ಆದರೆ ಹೋಟೆಲ್‌ಗಳು ತಮ್ಮದೇ ನಿಯಮ ಮಾಡಿಕೊಂಡಿರುತ್ತವೆ. 2025ರ ಜನವರಿಯಲ್ಲಿ ಓಯೋ ಸಂಸ್ಥೆ ಮೀರತ್‌ನಿಂದ ಆರಂಭಿಸಿ, ಜೋಡಿಗಳು ಸಂಬಂಧದ ದಾಖಲೆ ತೋರಿಸಬೇಕೆಂಬ ನಿಯಮ ತಂದಿದ್ದು ಸುದ್ದಿಯಾಗಿತ್ತು. ಅದೇ ಊರಿನ ವಿಳಾಸದ ಗುರುತಿನ ಚೀಟಿ ಇದ್ದರೆ ನಿರಾಕರಿಸುವ ಹೋಟೆಲ್‌ಗಳೂ ಇವೆ. ಹಾಗಾಗಿ ಹಣ ಕಟ್ಟುವ ಮುನ್ನ ಫೋನ್ ಮಾಡಿ ಕೇಳಿಬಿಡುವುದು ಒಳ್ಳೆಯದು. ರಿಸೆಪ್ಷನ್‌ನಲ್ಲಿ ನಿಂತು ವಾದ ಮಾಡುವ ಮುಜುಗರ ತಪ್ಪುತ್ತದೆ. ಇಬ್ಬರೂ ವಿಳಾಸವಿರುವ ಗುರುತಿನ ಚೀಟಿ ಒಯ್ಯಬೇಕು, ಪ್ಯಾನ್ ಕಾರ್ಡ್‌ನಲ್ಲಿ ವಿಳಾಸವಿರದ ಕಾರಣ ಅದು ನಡೆಯುವುದಿಲ್ಲ. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಚಿದ 'ಮಾಸ್ಕ್ಡ್ ಆಧಾರ್' ಪ್ರತಿ ಕೊಡಿ.

ಸುರಕ್ಷತೆ: ನಾಚಿಕೆ ಬೇಡ

2025ರ ಏಪ್ರಿಲ್‌ನಲ್ಲಿ ದೆಹಲಿಯ ಕಾಪಸ್‌ಹೇಡಾದ ಪಾರ್ಕ್‌ವೊಂದರಲ್ಲಿ, ಮದುವೆ ನಿಶ್ಚಯವಾಗಿದ್ದ ಹುಡುಗನೊಂದಿಗೆ ಬಂದಿದ್ದ ಯುವತಿ ರೋಲರ್ ಕೋಸ್ಟರ್‌ನಿಂದ ಬಿದ್ದು ಮೃತಪಟ್ಟರು. ಮರುತಿಂಗಳು ಚೆನ್ನೈನ ಪಾರ್ಕ್‌ವೊಂದರಲ್ಲಿ ರೈಡ್ ಎತ್ತರದಲ್ಲೇ ಕೆಟ್ಟು ನಿಂತು, ಜನರನ್ನು ಗಂಟೆಗಳ ಬಳಿಕ ಕೆಳಗಿಳಿಸಲಾಯಿತು. ಇಂಥ ಘಟನೆಗಳು ದಿನವೂ ನಡೆಯುವುದಿಲ್ಲ, ನಿಜ. ಆದರೆ ರೈಡ್ ಹತ್ತುವ ಮುನ್ನ ನೋಡಬೇಕಾದ್ದನ್ನು ನೋಡಲೇಬೇಕು.

• ಸೀಟಿನ ಬಾರ್ ಅಥವಾ ಬೆಲ್ಟ್ ಹಾಕಿದ ಮೇಲೆ ನೀವೇ ಒಮ್ಮೆ ಎಳೆದು ನೋಡಿ. ಸಡಿಲ ಅನಿಸಿದರೆ ಕೈ ಎತ್ತಿ ಸಿಬ್ಬಂದಿಯನ್ನು ಕರೆಯಿರಿ. ಹಿಂದಿನವರು ಗೊಣಗಿದರೆ ಗೊಣಗಲಿ.
• ಗರ್ಭಿಣಿಯರು, ಹೃದ್ರೋಗ, ರಕ್ತದೊತ್ತಡ, ಕುತ್ತಿಗೆ ಅಥವಾ ಬೆನ್ನುನೋವು ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೇಗದ ರೈಡ್ ಹತ್ತಬಾರದು.
• ಉದ್ದ ಕೂದಲು, ದುಪಟ್ಟಾ ಬಿಗಿಯಾಗಿ ಕಟ್ಟಿ. ಗೋ-ಕಾರ್ಟ್ ಚಕ್ರಕ್ಕೆ ಕೂದಲು ಸಿಲುಕಿ ಜೀವ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ.
• ತಾಳಿ ಸರ, ಉಂಗುರ, ಫೋನ್ ಲಾಕರ್‌ನಲ್ಲಿರಲಿ. ನೀರಿಗಿಳಿಯುವ ಮುನ್ನ ಕಾಂಟ್ಯಾಕ್ಟ್ ಲೆನ್ಸ್ ತೆಗೆಯಿರಿ.
• ನೀರಿನ ರೈಡ್‌ಗೆ ಹತ್ತಿ ಬಟ್ಟೆ ಬಿಡುವುದಿಲ್ಲ. ಅದರ ಎಳೆಗಳು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತವೆ. ನೈಲಾನ್ ಉಡುಪು ಮನೆಯಿಂದಲೇ ಒಯ್ದರೆ ಅಲ್ಲಿ ಕೊಳ್ಳುವ ಖರ್ಚು ಉಳಿಯುತ್ತದೆ.
• ಜೋರು ಮಳೆ, ಗುಡುಗು-ಸಿಡಿಲು ಬಂದರೆ ತೆರೆದ ರೈಡ್‌ಗಳು ನಿಲ್ಲುತ್ತವೆ. ಮಳೆಗಾಲದಲ್ಲಿ ಹೋಗುವವರು ಹಣ ವಾಪಸಾತಿ ನಿಯಮ ಕೇಳಿಕೊಳ್ಳಿ.

ಇಬ್ಬರಲ್ಲಿ ಒಬ್ಬರಿಗೆ ಎತ್ತರವೆಂದರೆ ಭಯವಿದ್ದರೆ ಒತ್ತಾಯ ಮಾಡಬೇಡಿ. ಒಬ್ಬರು ಕೋಸ್ಟರ್ ಹತ್ತಲಿ, ಇನ್ನೊಬ್ಬರು ಕೆಳಗೆ ಕೂತು ಐಸ್‌ಕ್ರೀಂ ತಿನ್ನಲಿ. ದುಡ್ಡು ಕೊಟ್ಟಿದ್ದೇವೆ ಎಂಬ ಒಂದೇ ಕಾರಣಕ್ಕೆ ಎಲ್ಲ ರೈಡ್ ಮುಗಿಸಲು ಹೋಗಿ, ಸಂಜೆಯ ಹೊತ್ತಿಗೆ ಮಾತು ಬಿಟ್ಟು ಕೂರುವುದರಲ್ಲಿ ಅರ್ಥವಿಲ್ಲ.

ಮೋಸ ಹೋದರೆ ಎಲ್ಲಿ ದೂರು?

ಹೇಳಿದ ಕೊಠಡಿ ಕೊಡದಿದ್ದರೆ, ಹಣ ವಾಪಸ್ ಮಾಡದಿದ್ದರೆ ಮೊದಲು ಹೋಟೆಲ್‌ಗೆ ಬರಹದಲ್ಲಿ ದೂರು ಕೊಡಿ. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಗ್ರಾಹಕ ಆಯೋಗಕ್ಕೆ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂ.ವರೆಗಿದ್ದರೆ ಅರ್ಜಿ ಶುಲ್ಕವಿಲ್ಲ.

ಹೊರರಾಜ್ಯದಲ್ಲಿರುವ ಕನ್ನಡಿಗರು ಗಮನಿಸಬೇಕಾದ ಒಂದು ಅಂಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಬಿಡದಿಯ ರೆಸಾರ್ಟ್ ವಿರುದ್ಧದ ದೂರಿಗೆ ಪುಣೆಯಿಂದ ಬೆಂಗಳೂರಿಗೆ ಅಲೆಯಬೇಕಿಲ್ಲ. ಬೇಕಾಗುವುದು ಬಿಲ್, ಬುಕಿಂಗ್ ಪ್ರತಿ ಮತ್ತು ಆ ಸ್ಕ್ರೀನ್‌ಶಾಟ್. ಮನೆಗೆ ಬಂದ ತಕ್ಷಣ ಅಳಿಸಿಬಿಡಬೇಡಿ.