ಒಗಟು ಕೊಟ್ಟವರ ಹೆಸರು

ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಸಿಕ್ಕಿತು. ಅದು ತನ್ನದಾದರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನ ಬಳಿ ಇರುತ್ತದೆಂದು ಒಬ್ಬನೆಂದ. ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು. ಯಾರಲ್ಲಿ ಎಷ್ಟಿತ್ತು? ಕ್ರಮವಾಗಿ 1, 3, 5, ಚೀಲದಲ್ಲಿ 15. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಬರುವ ಸಮಸ್ಯೆಯಿದು. ಆತನು ಸ್ತುತಿಸಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಚೀಲ ಕಳೆದುಕೊಂಡವರು ಯಾರೆಂದು ಆ ಮೂವರೂ ಕೇಳುವುದಿಲ್ಲ; ಲೆಕ್ಕ ಬಿಡಿಸಲು ಅದು ಬೇಕಾಗಿಯೂ ಇಲ್ಲ. ಆದರೆ ಸಮಸ್ಯೆಗಳನ್ನು ಸಂಗ್ರಹಿಸುವವನು ಆ ಪ್ರಶ್ನೆಯನ್ನು ಕೇಳದಿರುವಂತಿಲ್ಲ. ಜ್ಞಾನಿಗಳ ನೆರವಿನಿಂದ ಗಣಿತಸಾಗರದ ಸಾರವನ್ನು ಆಯ್ದುಕೊಂಡೆನೆಂದು ಮಹಾವೀರನು ವಿನಯದಿಂದ ಒಪ್ಪಿಕೊಂಡಿದ್ದಾನೆ. ಆದರೆ ಯಾವ ಸಮಸ್ಯೆ ಯಾರಿಂದ ಬಂದಿತೆಂಬುದನ್ನು ತಿಳಿಸಿಲ್ಲ. ಇದರಿಂದ ನಷ್ಟವಾದದ್ದು ಹಿಂದಿನವರಿಗೆ ಮಾತ್ರವಲ್ಲ. ಆತನ ಸ್ವಂತ ಕಲ್ಪನೆ ಯಾವುದು, ಕೇಳಿ ಪಡೆದದ್ದು ಯಾವುದು ಎಂದು ಇಂದು ಬೇರ್ಪಡಿಸುವುದು ಕಷ್ಟ.

ಅದೇ ಅರಸನ ಕಾಲದ ‘ಕವಿರಾಜಮಾರ್ಗ’ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸಿತು. ಅವರ ಕನ್ನಡ ಗದ್ಯಕೃತಿಗಳು ನಮಗೆ ದೊರೆತಿಲ್ಲ. ಆದರೂ ಕನ್ನಡದಲ್ಲಿ ಅಂದಿಗಾಗಲೇ ಗದ್ಯಪರಂಪರೆಯೊಂದಿತ್ತೆಂದು ನಾವು ಧೈರ್ಯದಿಂದ ಹೇಳುತ್ತಿರುವುದು ಆ ಒಂದು ಸ್ಮರಣೆಯ ಬಲದಿಂದ. ಹೆಸರಿಸುವುದು ಸೌಜನ್ಯವಷ್ಟೇ ಅಲ್ಲ, ಚರಿತ್ರೆಗೆ ಆಧಾರವೂ ಹೌದು.

ನಮ್ಮ ಹಳ್ಳಿಗಳ ಒಗಟುಗಳಿಗೂ ಬಾಯಿಲೆಕ್ಕಗಳಿಗೂ ಈ ಮಾತು ಸಲ್ಲುತ್ತದೆ. ಕಲಬುರಗಿ ನಗರದಿಂದ ಕಮಲಾಪುರದ ಕಡೆ ಹೋಗಿ ಹತ್ತಾರು ಒಗಟು ಬರೆದುಕೊಂಡು ಬಂದವನು ಮುಖಪುಟದಲ್ಲಿ ತನ್ನ ಹೆಸರನ್ನು ಹಾಕಿಕೊಳ್ಳಲಿ. ಸಂಗ್ರಹದ ಶ್ರಮ ಅವನದು. ಆದರೆ ಒಳಗೆ, ಪ್ರತಿಯೊಂದು ಒಗಟಿನ ಕೆಳಗೆ, ಹೇಳಿದವರು ಯಾರು, ಊರು ಯಾವುದು, ಎಂದು ಕೇಳಿದ್ದು ಎಂಬ ವಿವರ ಇರಬೇಕು. ಉತ್ತರವನ್ನು ತಿದ್ದಿದವರು, ಎರಡನೆಯ ಉತ್ತರವನ್ನು ಕಂಡುಹಿಡಿದವರು ಬೇರೆಯಾಗಿದ್ದರೆ ಅವರನ್ನೂ ಹೇಳಬೇಕು. ‘ಅನೇಕರು ನೆರವಾದರು’ ಎಂಬ ಒಂದೇ ವಾಕ್ಯದಲ್ಲಿ ಯಾರ ಋಣವೂ ತೀರುವುದಿಲ್ಲ.

ಇಲ್ಲೊಂದು ಎಚ್ಚರ ಅಗತ್ಯ. ಒಗಟು ಹೇಳಿದಾಕೆ ಅದನ್ನು ಕಟ್ಟಿದವಳೇ ಆಗಿರಬೇಕಿಲ್ಲ. ಅವಳು ತನ್ನ ಅಜ್ಜಿಯಿಂದ ಕೇಳಿರಬಹುದು. ಆದ್ದರಿಂದ ‘ರಚಿಸಿದವರು’ ಎನ್ನದೆ ‘ಹೇಳಿದವರು’ ಎಂದೇ ಬರೆಯುವುದು ಸರಿ. ಹೆಸರು ಬೇಡವೆಂದರೆ ಊರನ್ನಷ್ಟೇ ಬರೆಯೋಣ.

ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹಣ್ಣು ಎಲ್ಲಿಗೆ ಹೋದರೂ ಅದರೊಡನೆ ಊರಿನ ಹೆಸರೂ ಹೋಗುತ್ತದೆ. ಅದೇ ನೆಲದ ಒಗಟು ಮಾತ್ರ ಹೇಳಿದವರ ಹೆಸರನ್ನೂ ಊರನ್ನೂ ಹಿಂದೆ ಬಿಟ್ಟು ಪುಸ್ತಕ ಸೇರುವುದು ನ್ಯಾಯವಲ್ಲ.