ಮಂಗೋಲಿಯಾದಿಂದ ಮಾಗಡಿ ಕೆರೆಗೆ ಎಷ್ಟು ತಾಸಿನ ಹಾದಿ?

ಗದಗ ಬಳಿಯ ಬಿಂಕದಕಟ್ಟಿಯ ಮೃಗಾಲಯ ನೋಡಲು ಬರುವವರಿಗೆ ನಾನು ಹೇಳುವುದಿಷ್ಟು: ಚಳಿಗಾಲವಾಗಿದ್ದರೆ ಮಾಗಡಿ ಕೆರೆಯನ್ನೂ ನೋಡಿಕೊಂಡೇ ಹೋಗಿ. ಶಿರಹಟ್ಟಿ ತಾಲ್ಲೂಕಿನ ಈ ಕೆರೆ ಅಲ್ಲಿಂದ ನೇರ ಗೆರೆ ಎಳೆದರೆ 25 ಕಿ.ಮೀ. ಆಸುಪಾಸು. ನವೆಂಬರಿನಿಂದ ಮಾರ್ಚ್‌ವರೆಗೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಬೀಡುಬಿಟ್ಟಿರುತ್ತವೆ. ಬೂದು ಮೈ, ಕಿತ್ತಳೆ ಕಾಲು, ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ತೂಕ ಎರಡು-ಮೂರು ಕಿಲೋ.

ಇವು ಮರಿ ಮಾಡುವುದು ಟಿಬೆಟ್, ಮಂಗೋಲಿಯಾಗಳ ಸರೋವರಗಳಲ್ಲಿ. ಅಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಣ್ಣಿಗೆ ಬಿದ್ದಿವೆ. ಮಧ್ಯ ಮಂಗೋಲಿಯಾದಿಂದ ಮಾಗಡಿಗೆ ಅತಿ ಹತ್ತಿರದ ಆಕಾಶಮಾರ್ಗ ಸುಮಾರು 4,300 ಕಿ.ಮೀ. ಗಂಟೆಗೆ 850 ಕಿ.ಮೀ. ಸಾಗುವ ವಿಮಾನಕ್ಕೆ ಐದು ತಾಸು ಸಾಕು. ಗಂಟೆಗೆ 60 ಕಿ.ಮೀ. ಹಾರುವ ಹೆಬ್ಬಾತಿಗೆ, ರೆಕ್ಕೆ ಬಡಿಯುವ ಹೊತ್ತನ್ನಷ್ಟೇ ಹಿಡಿದರೂ, 72 ತಾಸು. ಮೇಯಲು, ದಣಿವಾರಿಸಿಕೊಳ್ಳಲು ಅಲ್ಲಲ್ಲಿ ಇಳಿಯುವುದರಿಂದ ನಿಜವಾದ ಪಯಣ ವಾರಗಟ್ಟಲೆ ಹಿಡಿಯುತ್ತದೆ.

ನಡುವೆ ಹಿಮಾಲಯವಿದೆ. ಅಲ್ಲಿ ದೂರವನ್ನು ವೇಗದಿಂದ ಭಾಗಿಸುವ ಲೆಕ್ಕ ನಿಲ್ಲುವುದಿಲ್ಲ. ತೆಳು ಗಾಳಿ ವಿಮಾನಕ್ಕೆ ಅನುಕೂಲ, ತಡೆ ಕಡಿಮೆ. ಅದಕ್ಕೇ ಅದು ಹತ್ತು ಕಿ.ಮೀ. ಮೇಲೇರಿ ಅಲ್ಲೇ ಸಾಗುತ್ತದೆ. ಹೆಬ್ಬಾತಿಗೆ ಅದೇ ಗಾಳಿ ಎರಡು ಕಡೆಯಿಂದ ಕಷ್ಟ. ರೆಕ್ಕೆಗೆ ಆಧಾರ ಸಾಲದು, ಉಸಿರಿಗೆ ಆಮ್ಲಜನಕ ಸಾಲದು. 5,500 ಮೀಟರ್ ಎತ್ತರದಲ್ಲಿ ಸಿಗುವುದು ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಈ ಹಕ್ಕಿಯ ಶ್ವಾಸಕೋಶ ಉಳಿದ ಬಾತುಗಳದ್ದಕ್ಕಿಂತ ದೊಡ್ಡದು. ಹಿಮೋಗ್ಲೋಬಿನ್‌ನ ಒಂದು ಸರಪಳಿಯಲ್ಲಿ, 119ನೇ ಜಾಗದಲ್ಲಿ, ಒಂದು ಅಮೈನೋ ಆಮ್ಲ ಬದಲಾಗಿದೆ. ಮುಖ್ಯವಾಗಿ ಅದರಿಂದಾಗಿ ರಕ್ತ ಆಮ್ಲಜನಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬಿಷಪ್, ಲೂಸಿ ಹಾಕ್ಸ್ ಮತ್ತು ಸಂಗಡಿಗರು ಉಪಗ್ರಹ ಸಾಧನ ಕಟ್ಟಿ ಈ ಹಕ್ಕಿಗಳ ಬೆನ್ನು ಹತ್ತಿದರು. 2011ರಲ್ಲಿ ಗೊತ್ತಾದದ್ದು: ಮರಳಿ ಉತ್ತರಕ್ಕೆ ಹೋಗುವಾಗ ಹಿಮಾಲಯದ ಏರನ್ನು ಅವು ಏಳೆಂಟು ತಾಸಿನಲ್ಲಿ ಮುಗಿಸುತ್ತವೆ. ಅದೂ ಬೆನ್ನಿಗೆ ಗಾಳಿಯ ಒತ್ತಾಸೆ ಇಲ್ಲದ ರಾತ್ರಿ ಮತ್ತು ನಸುಕಿನಲ್ಲಿ, ಏಕೆಂದರೆ ತಣ್ಣನೆಯ ಗಾಳಿ ಹೆಚ್ಚು ಸಾಂದ್ರ. ಎವರೆಸ್ಟಿನ ನೆತ್ತಿಯ ಮೇಲೆ ಹಾರುತ್ತವೆ ಎಂಬ ಮಾತು ಜನಪ್ರಿಯ. ಆದರೆ ಈ ತಂಡಕ್ಕೆ ಸಿಕ್ಕ ಗರಿಷ್ಠ ಎತ್ತರ 7,290 ಮೀಟರ್. ಬಹುಪಾಲು ಹೊತ್ತು ಅವು 5,500ಕ್ಕಿಂತ ಕೆಳಗೇ ಇರುತ್ತವೆ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು 2015ರ ಫಲಿತಾಂಶ. ಹಕ್ಕಿಗಳ ಮೈಯೊಳಗೇ ಉಪಕರಣ ಇಟ್ಟು ಎದೆಬಡಿತವನ್ನೂ ರೆಕ್ಕೆಬಡಿತವನ್ನೂ ಅಳೆದಿದ್ದರು. ರೆಕ್ಕೆಬಡಿತ ಶೇ 5ರಷ್ಟು ಹೆಚ್ಚಿದರೆ ಎದೆಬಡಿತ ಶೇ 19ರಷ್ಟು, ಖರ್ಚಾಗುವ ಶಕ್ತಿ ಅಂದಾಜು ಶೇ 41ರಷ್ಟು ಏರುತ್ತದೆ. ಹಾಗಾಗಿ ತೆಳು ಗಾಳಿಯಲ್ಲಿ ರೆಕ್ಕೆ ಹೆಚ್ಚು ಬಡಿಯುತ್ತ ಒಂದೇ ಎತ್ತರ ಹಿಡಿದು ಹಾರುವುದು ಅವಕ್ಕೆ ದುಬಾರಿ. ಬೆಟ್ಟ ಬಂದಾಗ ಏರುತ್ತವೆ, ಕಣಿವೆ ಬಂದಾಗ ಗಳಿಸಿದ ಎತ್ತರವನ್ನೆಲ್ಲ ಬಿಟ್ಟುಕೊಟ್ಟು ದಟ್ಟ ಗಾಳಿಗೆ ಇಳಿಯುತ್ತವೆ, ಮುಂದಿನ ಬೆಟ್ಟಕ್ಕೆ ಮತ್ತೆ ಏರುತ್ತವೆ. ದಾರಿ ಉದ್ದವಾದರೂ ಒಟ್ಟು ಖರ್ಚು ಕಡಿಮೆ.

ಈ ಪಯಣದ ಇಂಧನ ಕೊಬ್ಬು. ಮರುಪಯಣಕ್ಕೆ ಅದು ಕೂಡುವುದು ಮಾಗಡಿ ಸುತ್ತಲಿನ ಹೊಲಗಳಲ್ಲಿ. ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಕಡಲೆ, ಗೋಧಿ, ಶೇಂಗಾ ಹೊಲಗಳಿಗೆ ಇಳಿಯುತ್ತವೆ. 2024ರ ಜನವರಿಯಲ್ಲಿ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಬಂತು. ಆದರೆ ಹಿಮಾಲಯ ದಾಟುವ ಬುತ್ತಿಯನ್ನು ಕಟ್ಟಿಕೊಡುತ್ತಿರುವವರು ಹಿಂಗಾರಿನ ರೈತರು. ಹಕ್ಕಿ ಮೇಯ್ದ ಬೆಳೆಗೆ ಅವರಿಗೆ ತಕ್ಕ ಪರಿಹಾರ ಕೊಡುವುದೂ ಕೆರೆಯ ಸಂರಕ್ಷಣೆಯ ಖರ್ಚಿನಲ್ಲೇ ಸೇರಬೇಕು.